ಮೊದಲು ಹಿಡಿತ, ಆಮೇಲೆ ವೇಗ



ಬೋಗಾದಿ ಮೊದಲು ಒಂದು ಹಳ್ಳಿ. ಈಗ ಮೈಸೂರು ಬೆಳೆದು ಬೋಗಾದಿಯನ್ನು ಸೇರಿಸಿಕೊಂಡಿದೆ. ಬಡಾವಣೆಗಳು ಬಂದಿವೆ. ರಿಂಗ್ ರಸ್ತೆ ಬಂದಿದೆ. ಆದರೆ ಮಕ್ಕಳ ಆಟ ನಿಂತಿಲ್ಲ. ಶಾಲೆ ಬಿಟ್ಟರೆ ಸಾಕು, ಬೀದಿಯಲ್ಲಿ ಸೈಕಲ್ ಸದ್ದು. ಮನೆ ಕಟ್ಟಲು ಹಾಕಿದ ಮಣ್ಣಿನ ಗುಡ್ಡೆ ಕಂಡರೆ ಅದರ ಮೇಲೆ ಸೈಕಲ್ ಹತ್ತಿಸುತ್ತಾರೆ. ಗುಂಡಿ ಕಂಡರೆ ಹಾರಿಸುತ್ತಾರೆ. "ಬೀಳ್ತೀಯ ಕಣೋ, ಇಳಿಯೋ" ಅಂತ ನಾವು ಕೂಗುತ್ತೇವೆ.

ಆ ಮಗು ಒಂದು ದಿನ ಬಂದು, "ಅಮ್ಮಾ, ನಾನು ಸೈಕಲ್ ರೇಸಿಗೆ ಸೇರ್ಲಾ? ಗುಡ್ಡ ಹತ್ತಿ ಇಳಿಯೋ ರೇಸು" ಅಂತ ಕೇಳಿದರೆ ಏನು ಹೇಳುತ್ತೀರಿ? ಬೇಡ ಅನ್ನೋದು ಸುಲಭ. ಹೂಂ ಅನ್ನೋದೂ ಸುಲಭ. ಹೂಂ ಅಂದ ಮೇಲೆ ಏನು ಮಾಡಬೇಕು? ಅದನ್ನು ಈ ಪಾಠದಲ್ಲಿ ಓದೋಣ.

ಇದು ಎಂಥ ಆಟ?

ಇದರ ಹೆಸರು ಮೌಂಟನ್ ಬೈಕ್ ಸ್ಪರ್ಧೆ. ಬೈಕ್ ಅಂದರೆ ಇಲ್ಲಿ ಮೋಟಾರು ಬೈಕ್ ಅಲ್ಲ, ಸೈಕಲ್. ಡಾಂಬರು ರಸ್ತೆಯಲ್ಲಿ ಅಲ್ಲ, ಗುಡ್ಡದ ಮಣ್ಣಿನ ದಾರಿಯಲ್ಲಿ ಓಡಿಸಬೇಕು. ದಾರಿಯಲ್ಲಿ ಕಲ್ಲು ಇರುತ್ತದೆ. ಮರದ ಬೇರು ಇರುತ್ತದೆ. ಏರು, ಇಳಿಜಾರು, ತಿರುವು ಎಲ್ಲಾ ಇರುತ್ತದೆ. ಈ ಸೈಕಲ್ಲಿನ ಟೈರು ದಪ್ಪ. ಟೈರಿನ ಮೇಲೆ ಮಣ್ಣು ಹಿಡಿಯಲು ಗುಬುಟುಗಳು ಇರುತ್ತವೆ.

ಈ ಆಟ ಹುಟ್ಟಿದ್ದು ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ, 1970ರ ದಶಕದಲ್ಲಿ. ಅಲ್ಲಿನ ಕೆಲವು ಯುವಕರು ಹಳೆಯ ಸೈಕಲ್ಲುಗಳನ್ನು ರಿಪೇರಿ ಮಾಡಿಕೊಂಡು ಬೆಟ್ಟದಿಂದ ಇಳಿಸುತ್ತಿದ್ದರು. ಅದೇ ಮುಂದೆ ದೊಡ್ಡ ಆಟ ಆಯಿತು. 1996ರಲ್ಲಿ ಅಟ್ಲಾಂಟಾ ಒಲಿಂಪಿಕ್ಸಿಗೂ ಸೇರಿತು. ಆ ಮೊದಲ ವರ್ಷವೇ ಗಂಡಸರಿಗೆ ಒಂದು ಸ್ಪರ್ಧೆ, ಹೆಂಗಸರಿಗೆ ಒಂದು ಸ್ಪರ್ಧೆ ಇತ್ತು. ಇಟಲಿಯ ಪಾವೋಲಾ ಪೆಟ್ಸೊ ಎಂಬ ಹೆಣ್ಣುಮಗಳು ಚಿನ್ನ ಗೆದ್ದರು. 2000ದಲ್ಲಿ ಅವರೇ ಮತ್ತೆ ಗೆದ್ದರು.

ನಮ್ಮ ಕರ್ನಾಟಕದಲ್ಲೂ ಸೈಕಲ್ ಸ್ಪರ್ಧೆ ಹೊಸದಲ್ಲ. ವಿಜಯಪುರ, ಬಾಗಲಕೋಟೆ ಕಡೆಯ ರೈತರ ಮನೆಯ ಮಕ್ಕಳು ಸೈಕಲ್ ಓಡಿಸಿ ರಾಷ್ಟ್ರ ಮಟ್ಟದಲ್ಲಿ ಪದಕ ತಂದಿದ್ದಾರೆ. ಹುಡುಗರು ಮಾತ್ರ ಅಲ್ಲ, ಹುಡುಗಿಯರೂ ತಂದಿದ್ದಾರೆ. 2021ರಲ್ಲಿ ಗದಗಿನ ಗುಡ್ಡದಲ್ಲಿ ರಾಷ್ಟ್ರ ಮಟ್ಟದ ಮೌಂಟನ್ ಬೈಕ್ ಸ್ಪರ್ಧೆ ನಡೆಯಿತು.

ಸ್ಪರ್ಧೆಯಲ್ಲಿ ಹಲವು ಬಗೆ ಇವೆ. ಒಂದರಲ್ಲಿ ಎಲ್ಲರೂ ಒಟ್ಟಿಗೆ ಹೊರಟು ಗುಡ್ಡದ ದಾರಿಯಲ್ಲಿ ಸುತ್ತು ಹೊಡೆಯುತ್ತಾರೆ. ಮೊದಲು ಮುಗಿಸಿದವರು ಗೆದ್ದ ಹಾಗೆ. ಇನ್ನೊಂದರಲ್ಲಿ ಒಬ್ಬೊಬ್ಬರೇ ಹೊರಡುತ್ತಾರೆ. ಕಡಿಮೆ ಹೊತ್ತಿನಲ್ಲಿ ಮುಗಿಸಿದವರಿಗೆ ಬಹುಮಾನ. ಮತ್ತೊಂದರಲ್ಲಿ ಬೆಟ್ಟದಿಂದ ಕೆಳಗೆ ಇಳಿಯೋದು ಮಾತ್ರ. ಇದು ಬಹಳ ಕಷ್ಟದ್ದು. ಚಿಕ್ಕ ಮಕ್ಕಳಿಗೆ ಇದು ಬೇಡ. ಸುತ್ತು ಹೊಡೆಯುವ ಸ್ಪರ್ಧೆಯಿಂದ ಶುರು ಮಾಡಿಸಿ.

ಹೆಣ್ಣು ಮಗುವಿಗೆ ಇದು ಬೇಕಾ?

ಒಂದು ಮನೆಯ ಮಾತು ಕೇಳೋಣ. ಎಂಟು ವರ್ಷದ ಮೊಮ್ಮಗಳು ರೇಸಿಗೆ ಸೇರುತ್ತೇನೆ ಅಂದಿದ್ದಾಳೆ. ಅತ್ತೆಗೆ ಇಷ್ಟ ಇಲ್ಲ.

ಅತ್ತೆ: ಹೆಣ್ಣು ಮಗ ಕಣವ್ವ. ಬಿದ್ದು ಹಲ್ಲು ಮುರ್ಕೊಂಡ್ರೆ ನಾಳೆ ಯಾರು ಮದುವೆ ಆಗ್ತಾರೆ?

ಸೊಸೆ: ಅತ್ತೆ, ಚಿಕ್ಕೋಳಾಗಿದ್ದಾಗ ಬಾವಿಯಿಂದ ನೀರು ಹೊತ್ತು ತರ್ತಾ ನಾನೂ ಬಿದ್ದಿದ್ದೆ. ಮೊಣಕಾಲು ಒಡೆದಿತ್ತು. ಹೆಣ್ಣು ಮಗ, ನೀರು ತರೋದು ಬೇಡ ಅಂತ ಆಗ ಯಾರೂ ಹೇಳಲಿಲ್ಲ.

ಅತ್ತೆ: ಅದು ಸರಿ. ಆದ್ರೆ ತಲೆಗೆ ಏಟು ಬಿದ್ರೆ?

ಸೊಸೆ: ಆ ಭಯ ನನಗೂ ಇದೆ. ಅದಕ್ಕೇ ತಲೆಗೆ ಹೆಲ್ಮೆಟ್ ಹಾಕ್ದೆ ಸೈಕಲ್ ಮುಟ್ಟಿಸೋದಿಲ್ಲ.

ಅತ್ತೆ: ಹಂಗಾದ್ರೆ ನೋಡ್ಕೊಂಡು ಕಲಿಸು. ಒಬ್ಬಳನ್ನೇ ಬಿಡಬೇಡ.

ಅತ್ತೆಯ ಭಯ ಸುಳ್ಳಲ್ಲ. ಈ ಆಟದಲ್ಲಿ ಮಕ್ಕಳು ಬೀಳುತ್ತಾರೆ. ಆದರೆ ಭಯ ಇದೆ ಅಂತ ಬಾಗಿಲು ಹಾಕಬೇಕಾಗಿಲ್ಲ. ತಯಾರಿ ಮಾಡಿಕೊಂಡರೆ ದೊಡ್ಡ ಏಟನ್ನು ಬಹಳ ಮಟ್ಟಿಗೆ ತಪ್ಪಿಸಬಹುದು.

ಅಕ್ಷರಕ್ಕೂ ಸೈಕಲ್ಲಿಗೂ ನಂಟಿದೆ. ತಮಿಳುನಾಡಿನಲ್ಲಿ ಪುದುಕ್ಕೋಟೆ ಅಂತ ಒಂದು ಜಿಲ್ಲೆ. 1991ರಲ್ಲಿ ಅಲ್ಲಿ ಸಾಕ್ಷರತಾ ಆಂದೋಲನ ಶುರುವಾಯಿತು. ಆಗ ಜಿಲ್ಲಾಧಿಕಾರಿ ಆಗಿದ್ದವರು ಶೀಲಾ ರಾಣಿ ಚುಂಕತ್. ಅಕ್ಷರ ಕಲಿಯುವ ಹೆಂಗಸರು ಸೈಕಲ್ಲನ್ನೂ ಕಲಿಯಲಿ ಅಂತ ಅವರು ಹೇಳಿದರು. ಜನ ಆಡಿಕೊಂಡರು. ಹೆಂಗಸರು ಹಿಂದೆ ಸರಿಯಲಿಲ್ಲ. ಕಲ್ಲು ಕ್ವಾರಿಯಲ್ಲಿ ದುಡಿಯುವವರು, ಕೂಲಿ ಮಾಡುವವರು ಸಾವಿರಾರು ಮಂದಿ ಕಲಿತರು. ಹೆಂಗಸರ ಸೈಕಲ್ ಸಾಕಾಗದೆ ಗಂಡಸರ ಸೈಕಲ್ಲನ್ನೇ ಕೊಂಡರು. ಅಡ್ಡ ಬಾರಿನ ಮೇಲೆ ಮಗುವನ್ನು ಕೂರಿಸಿಕೊಂಡು ಹೋದರು.

ನಮ್ಮ ರಾಜ್ಯದಲ್ಲಿ 2006-07ರಲ್ಲಿ ಸರ್ಕಾರಿ ಶಾಲೆಯ ಎಂಟನೇ ತರಗತಿಯ ಹುಡುಗಿಯರಿಗೆ ಸೈಕಲ್ ಕೊಡುವ ಯೋಜನೆ ಶುರುವಾಯಿತು. ಆಮೇಲೆ ಹುಡುಗರಿಗೂ ಕೊಟ್ಟರು. ಸಾಲಾಗಿ ಸೈಕಲ್ ತುಳಿದು ಶಾಲೆಗೆ ಹೋಗುವ ಹುಡುಗಿಯರನ್ನು ಊರು ಕಂಡಿತು. ಶಾಲೆಗೆ ತುಳಿಯುವ ಕಾಲು ಸ್ಪರ್ಧೆಯಲ್ಲೂ ತುಳಿಯಬಲ್ಲದು.

ಎಂಥ ಸೈಕಲ್ ಕೊಡಿಸಬೇಕು?

ಎಷ್ಟೋ ಮನೆಯಲ್ಲಿ ತಪ್ಪಾಗುವುದು ಇಲ್ಲೇ. "ಹೇಗಿದ್ರೂ ಬೆಳೀತಾನೆ, ದೊಡ್ಡದೇ ತರೋಣ" ಅನ್ನುತ್ತೇವೆ. ಅಂಗಿಯನ್ನು ದೊಡ್ಡದು ತಂದರೆ ನಡೆಯುತ್ತದೆ. ಸೈಕಲ್ ದೊಡ್ಡದು ತಂದರೆ ನಡೆಯುವುದಿಲ್ಲ. ಕಾಲು ನೆಲಕ್ಕೆ ಎಟುಕದಿದ್ದರೆ ಮಗು ಬೀಳುತ್ತದೆ. ಕೈ ಬ್ರೇಕಿಗೆ ಎಟುಕದಿದ್ದರೆ ನಿಲ್ಲಿಸಲು ಆಗುವುದಿಲ್ಲ. ನಮ್ಮ ಕಾಲದಲ್ಲಿ ಅಪ್ಪನ ಸೈಕಲ್ಲಿನಲ್ಲಿ ಒಳಪೆಡ್ಲು ಹೊಡೆದು ಕಲಿತವರಿದ್ದಾರೆ. ಗುಡ್ಡದ ದಾರಿಯಲ್ಲಿ ಅದು ಆಗದು.

ಟೈರಿನ ಪಕ್ಕದಲ್ಲಿ ಅಂಕಿ ಇರುತ್ತದೆ. ಓದಿ ನೋಡಿ. ಅದು ಚಕ್ರದ ಅಳತೆ, ಇಂಚಿನಲ್ಲಿ.

16 ಇಂಚು: ಸುಮಾರು 4ರಿಂದ 6 ವರ್ಷದವರಿಗೆ.
20 ಇಂಚು: ಸುಮಾರು 6ರಿಂದ 9 ವರ್ಷದವರಿಗೆ.
24 ಇಂಚು: ಸುಮಾರು 9ರಿಂದ 12 ವರ್ಷದವರಿಗೆ.

ಎಲ್ಲಾ ಮಕ್ಕಳೂ ಒಂದೇ ಎತ್ತರ ಇರುವುದಿಲ್ಲ. ಆದ್ದರಿಂದ ಮಗುವನ್ನು ಅಂಗಡಿಗೆ ಕರೆದುಕೊಂಡು ಹೋಗಿ. ಹೀಗೆ ಪರೀಕ್ಷೆ ಮಾಡಿ.

ಒಂದು: ಸೀಟಿನ ಮುಂದೆ, ಬಾರಿನ ಎರಡೂ ಕಡೆ ಕಾಲು ಹಾಕಿ ಮಗು ನಿಲ್ಲಲಿ. ಬಾರಿಗೂ ಮೈಗೂ ನಡುವೆ ನಾಲ್ಕು ಬೆರಳಿನಷ್ಟು ಜಾಗ ಇರಬೇಕು.

ಎರಡು: ಸೀಟಿನ ಮೇಲೆ ಕೂರಲಿ. ಎರಡೂ ಕಾಲಿನ ಮುಂಗಾಲು ನೆಲ ಮುಟ್ಟಬೇಕು.

ಮೂರು: ಹ್ಯಾಂಡಲ್ ಹಿಡಿದು ಬ್ರೇಕ್ ಒತ್ತಲಿ. ಬೆರಳು ಸುಲಭವಾಗಿ ಎಟುಕಬೇಕು.

ನಾಲ್ಕು: ಮಗುವೇ ಸೈಕಲ್ಲನ್ನು ನೆಲದಿಂದ ಎತ್ತಿ ನಿಲ್ಲಿಸಲಿ. ಎತ್ತಲು ಆಗದಷ್ಟು ಭಾರದ ಸೈಕಲ್ ಗುಡ್ಡ ಹತ್ತಿಸಲು ಬಾರದು.

ಗೇರು ಬಹಳ ಇದ್ದರೆ ಸೈಕಲ್ ಒಳ್ಳೆಯದು ಅಂತ ಅಲ್ಲ. ಬಣ್ಣ ಹೊಳೆದರೆ ಒಳ್ಳೆಯದು ಅಂತಲೂ ಅಲ್ಲ. ಬ್ರೇಕ್ ಗಟ್ಟಿ ಇರಬೇಕು. ಚಕ್ರ ಅಲುಗಬಾರದು. ಹ್ಯಾಂಡಲ್ ಸಡಿಲ ಇರಬಾರದು. ಇಷ್ಟು ಸರಿ ಇದ್ದರೆ ಒಬ್ಬರು ಓಡಿಸಿ ಬಿಟ್ಟ ಸೈಕಲ್ಲೂ ಆಗುತ್ತದೆ. ಮಕ್ಕಳು ಬೇಗ ಬೆಳೆಯುವುದರಿಂದ ಇಂಥ ಸೈಕಲ್ ಸಿಗುತ್ತದೆ. ಗುರುತಿನ ಸೈಕಲ್ ಶಾಪಿನವರಿಗೆ ತೋರಿಸಿ ತೆಗೆದುಕೊಳ್ಳಿ.

ಒಂದು ಮಾತು ನೆನಪಿರಲಿ. ಮೊದಲ ದಿನವೇ ಸಂಘದಲ್ಲಿ ಸಾಲ ಎತ್ತಿ ದುಬಾರಿ ಸೈಕಲ್ ತರಬೇಡಿ. ಮಗುವಿಗೆ ಆಸೆ ಉಳಿಯುತ್ತದೋ ಇಲ್ಲವೋ ಒಂದು ವರ್ಷ ನೋಡಿ. ಸೈಕಲ್ಲಿನಲ್ಲಿ ಉಳಿಸಿದ ದುಡ್ಡಿನಲ್ಲಿ ಒಳ್ಳೆಯ ಹೆಲ್ಮೆಟ್ ಕೊಡಿಸಿ.

ತಲೆ ಕಾಯುವ ಹೆಲ್ಮೆಟ್

ಕೈ ಮುರಿದರೆ ಕೂಡುತ್ತದೆ. ಮಿದುಳಿಗೆ ಏಟಾದರೆ ಕಷ್ಟ. ಹೆಲ್ಮೆಟ್ ಇಲ್ಲದೆ ಸೈಕಲ್ ಇಲ್ಲ. ಮನೆಯಲ್ಲಿ ಇದು ಕಾನೂನು ಆಗಲಿ.

ಮೋಟಾರು ಬೈಕಿನ ಹೆಲ್ಮೆಟ್ ಮಗುವಿಗೆ ಹಾಕಬೇಡಿ. ಅದು ಭಾರ. ಕುತ್ತಿಗೆ ನೋಯುತ್ತದೆ. ಸೈಕಲ್ ಹೆಲ್ಮೆಟ್ ಬೇರೆ ಸಿಗುತ್ತದೆ. ಬಟ್ಟೆ ಹೊಲಿಯುವ ಟೇಪಿನಲ್ಲಿ ಮಗುವಿನ ತಲೆಯ ಸುತ್ತಳತೆ ತೆಗೆಯಿರಿ. ಹುಬ್ಬಿನ ಸ್ವಲ್ಪ ಮೇಲೆ ಟೇಪು ಹಿಡಿಯಿರಿ. ಎಷ್ಟು ಸೆಂಟಿಮೀಟರು ಅಂತ ಬರೆದುಕೊಳ್ಳಿ. ಹೆಲ್ಮೆಟ್ಟಿನ ಒಳಗೆ ಅಥವಾ ಡಬ್ಬದ ಮೇಲೆ ಅದೇ ಅಂಕಿ ಹುಡುಕಿ.

ಹೆಲ್ಮೆಟ್ ಹುಬ್ಬಿನಿಂದ ಎರಡು ಬೆರಳು ಮೇಲೆ ಇರಬೇಕು. ಹಿಂದಕ್ಕೆ ಜಾರಿ ಹಣೆ ಕಾಣಬಾರದು. ಗಲ್ಲದ ಪಟ್ಟಿಯ ಒಳಗೆ ಒಂದೆರಡು ಬೆರಳು ಮಾತ್ರ ಹೋಗಬೇಕು. ಜೋರಾಗಿ ಬಿದ್ದು ಏಟು ತಿಂದ ಹೆಲ್ಮೆಟ್ಟನ್ನು ಮತ್ತೆ ಬಳಸಬೇಡಿ. ಮೇಲೆ ಚೆನ್ನಾಗಿ ಕಂಡರೂ ಒಳಗೆ ಬಿರುಕು ಬಿಟ್ಟಿರಬಹುದು.

ಕೈಗೆ ಗವಸು, ಕಾಲಿಗೆ ಬೂಟು ಇರಲಿ. ಚಪ್ಪಲಿ ಬೇಡ. ಪ್ಯಾಂಟಿನ ಅಂಚು ಚೈನಿಗೆ ಸಿಗದ ಹಾಗೆ ಕಟ್ಟಿ. ಹುಡುಗಿಯರ ವೇಲು, ಉದ್ದ ಜಡೆ ಚಕ್ರದ ಕಡೆ ಇಳಿಬಿಡಬಾರದು.

ಮನೆಯಲ್ಲೇ ಕಲಿಸುವ ಐದು ಪಾಠ

ನಿಮಗೆ ಸೈಕಲ್ ಬಾರದಿದ್ದರೂ ಇವನ್ನು ಕಲಿಸಬಹುದು. ನಿಂತು ನೋಡುವ ಕಣ್ಣು ಇದ್ದರೆ ಸಾಕು.

ಮೊದಲ ಪಾಠ: ನಿಲ್ಲಿಸೋದು. ಸೈಕಲ್ ತಳ್ಳಿಕೊಂಡು ಹೋಗಿ ಒಂದೊಂದೇ ಬ್ರೇಕ್ ಒತ್ತಿಸಿ. ಯಾವ ಕೈ ಯಾವ ಚಕ್ರವನ್ನು ಹಿಡಿಯುತ್ತದೆ ಅಂತ ಮಗುವೇ ಹೇಳಲಿ. ಆಮೇಲೆ ನೆಲದ ಮೇಲೆ ಗೆರೆ ಎಳೆಯಿರಿ. ತುಳಿದುಕೊಂಡು ಬಂದು ಗೆರೆಯ ಹತ್ತಿರ ನಿಲ್ಲಿಸಲಿ. ಎರಡೂ ಬ್ರೇಕನ್ನು ಒಟ್ಟಿಗೆ, ಮೆಲ್ಲಗೆ ಒತ್ತಬೇಕು. ಮುಂದಿನ ಬ್ರೇಕ್ ಒಂದನ್ನೇ ಗಬಕ್ಕನೆ ಹಿಡಿದರೆ ಮುಗ್ಗರಿಸಿ ಮುಂದೆ ಬೀಳುತ್ತಾರೆ.

ಎರಡನೇ ಪಾಠ: ನೋಡೋದು. ಮಕ್ಕಳು ಮುಂದಿನ ಚಕ್ರವನ್ನೇ ನೋಡುತ್ತಾರೆ. ಹಾಗೆ ನೋಡಬಾರದು. ದೂರ ನೋಡಬೇಕು. ಕಲ್ಲನ್ನೇ ನೋಡಿದರೆ ಕಲ್ಲಿಗೇ ಹೋಗಿ ಗುದ್ದುತ್ತಾರೆ. ಹೋಗಬೇಕಾದ ದಾರಿಯನ್ನು ನೋಡಬೇಕು. ನೀವು ಮುಂದೆ ನಿಂತು ಬೆರಳು ತೋರಿಸಿ. ಎಷ್ಟು ಬೆರಳು ಅಂತ ಮಗು ತುಳಿಯುತ್ತಲೇ ಹೇಳಲಿ.

ಮೂರನೇ ಪಾಠ: ಎದ್ದು ನಿಲ್ಲೋದು. ಉಬ್ಬುತಗ್ಗು ಬಂದಾಗ ಸೀಟಿನ ಮೇಲೆ ಕೂರಬಾರದು. ಎರಡು ಪೆಡಲ್ಲೂ ಒಂದೇ ಮಟ್ಟಕ್ಕೆ ತಂದು ಅದರ ಮೇಲೆ ನಿಲ್ಲಬೇಕು. ಮೊಣಕಾಲು, ಮೊಣಕೈ ಸ್ವಲ್ಪ ಮಡಿಸಿರಬೇಕು. ಆಗ ಸೈಕಲ್ ಕುಣಿದರೂ ಮೈ ಕುಣಿಯುವುದಿಲ್ಲ.

ನಾಲ್ಕನೇ ಪಾಠ: ತಿರುಗಿಸೋದು. ತೆಂಗಿನ ಚಿಪ್ಪುಗಳನ್ನು ಸಾಲಾಗಿ ಇಡಿ. ಎರಡು ಚಿಪ್ಪಿನ ನಡುವೆ ನಾಲ್ಕು ಹೆಜ್ಜೆ ದೂರ ಇರಲಿ. ಚಿಪ್ಪು ಮುಟ್ಟದೆ ಹಾವಿನ ಹಾಗೆ ಸುತ್ತಿ ಬರಲಿ. ಬಂದ ಮೇಲೆ ದೂರ ಕಡಿಮೆ ಮಾಡಿ. ತಿರುವಿಗೆ ಮುಂಚೆಯೇ ವೇಗ ಇಳಿಸಬೇಕು.

ಐದನೇ ಪಾಠ: ಹತ್ತೋದು, ಇಳಿಯೋದು. ಏರು ಶುರುವಾಗುವ ಮುಂಚೆಯೇ ಹಗುರ ಗೇರಿಗೆ ಹಾಕಬೇಕು. ಹತ್ತುವಾಗ ಮೈ ಮುಂದಕ್ಕೆ ಬಾಗಬೇಕು. ಇಳಿಯುವಾಗ ಸೊಂಟ ಹಿಂದಕ್ಕೆ ಹೋಗಬೇಕು. ಮೊದಲು ಮೊಣಕಾಲೆತ್ತರದ ದಿಬ್ಬ ಸಾಕು. ಆಮೇಲೆ ದೊಡ್ಡದು.

ಹತ್ತಲು ಆಗದಿದ್ದರೆ ಇಳಿದು ತಳ್ಳಿಕೊಂಡು ಹೋಗಬಹುದು. ಇದರಲ್ಲಿ ನಾಚಿಕೆ ಇಲ್ಲ. ದೊಡ್ಡ ಸ್ಪರ್ಧೆಯಲ್ಲೂ ಸೈಕಲ್ ಹೊತ್ತುಕೊಂಡು ಓಡುವವರಿದ್ದಾರೆ.

ಒಂದು ಪಾಠ ಕೈಗೆ ಹತ್ತಿದ ಮೇಲೆ ಇನ್ನೊಂದು. ಅವಸರ ಬೇಡ. ಮೊದಲು ಹಿಡಿತ, ಆಮೇಲೆ ವೇಗ.

ಎಲ್ಲಿ ಕಲಿಸಬೇಕು?

ಬೋಗಾದಿಯ ಮುಖ್ಯ ರಸ್ತೆಯಲ್ಲಿ ಬೇಡ. ರಿಂಗ್ ರಸ್ತೆಯ ಪಕ್ಕ ಬೇಡವೇ ಬೇಡ. ಬಸ್ಸು, ಲಾರಿ ಓಡಾಡುವ ಜಾಗ ಅದು. ಕೆರೆಯ ಏರಿಯ ಮೇಲೂ ಚಿಕ್ಕ ಮಕ್ಕಳನ್ನು ಬಿಡಬೇಡಿ.

ಶಾಲೆಯ ಮೈದಾನ ಒಳ್ಳೆಯದು. ಮುಖ್ಯೋಪಾಧ್ಯಾಯರನ್ನು ಕೇಳಿ. ಖಾಲಿ ಜಾಗವಾದರೆ ಮೊದಲು ನೀವು ನಡೆದು ನೋಡಿ. ಗಾಜಿನ ಚೂರು, ತಂತಿ, ಹಳ್ಳ, ಪೊದೆ ಇದೆಯಾ ನೋಡಿ.

"ಚಾಮುಂಡಿ ಬೆಟ್ಟ ಇದೆಯಲ್ಲ?" ಅಂತ ನೀವು ಕೇಳಬಹುದು. ಬೆಟ್ಟದ ರಸ್ತೆಯಲ್ಲಿ ವಾಹನ ಹೆಚ್ಚು. ಇಳಿಜಾರೂ ಹೆಚ್ಚು. ಬೆಟ್ಟದ ಕಾಡು ಮೀಸಲು ಅರಣ್ಯ. ಅನುಮತಿ ಇಲ್ಲದೆ ಅಲ್ಲಿನ ಕಾಲುದಾರಿಗೆ ಸೈಕಲ್ ನುಗ್ಗಿಸಬಾರದು. ಮಗು ಬಲಿತು, ತರಬೇತಿ ಕೊಡುವವರು ಜೊತೆಗೆ ಇದ್ದಾಗ ಬೆಟ್ಟದ ಮಾತು.

ವಾರಕ್ಕೆ ಎರಡು ಮೂರು ದಿನ, ಮುಕ್ಕಾಲು ಗಂಟೆ ಸಾಕು. ಉಳಿದ ದಿನ ಕುಂಟೆಬಿಲ್ಲೆ ಆಡಲಿ, ಕಬಡ್ಡಿ ಆಡಲಿ, ಓಡಲಿ. ಎಳೆಯ ಮೈಗೆ ಒಂದೇ ಆಟ ಹೆಚ್ಚಾದರೆ ಕೀಲು ನೋವು ಬರುತ್ತದೆ. ಮನಸ್ಸಿಗೂ ಬೇಜಾರಾಗುತ್ತದೆ.

ಊಟ, ನೀರು, ನಿದ್ದೆ

ಡಬ್ಬದ ಪುಡಿ ಬೇಡ. ನಮ್ಮ ಮನೆಯ ಊಟವೇ ಸಾಕು. ರಾಗಿ ಮುದ್ದೆ, ಸೊಪ್ಪಿನ ಸಾರು, ಹುರುಳಿಕಾಳು, ಮೊಟ್ಟೆ, ಹಾಲು, ಬಾಳೆಹಣ್ಣು ಇವೆಲ್ಲ ಶಕ್ತಿ ಕೊಡುತ್ತವೆ. ಮೊಟ್ಟೆ ತಿನ್ನದವರು ಬೇಳೆಕಾಳು ಹೆಚ್ಚು ಕೊಡಿ. ಊಟ ಆದ ಕೂಡಲೇ ಸೈಕಲ್ ತುಳಿಸಬೇಡಿ. ಎರಡು ಗಂಟೆ ಬಿಡಿ. ಹೊರಡುವ ಮುಂಚೆ ಒಂದು ಬಾಳೆಹಣ್ಣು ಕೊಡಬಹುದು.

ಕಾಯಿಸಿ ಆರಿಸಿದ ನೀರು ಜೊತೆಗೆ ಇರಲಿ. ಬಾಯಾರುವ ತನಕ ಕಾಯದೆ ಆಗಾಗ ಒಂದೊಂದು ಗುಟುಕು ಕುಡಿಯಲಿ. ಮನೆಗೆ ಬಂದ ಮೇಲೆ ಉಪ್ಪು ಹಾಕಿದ ಮಜ್ಜಿಗೆ ಕೊಡಿ. ರಾತ್ರಿ ಒಂಬತ್ತು ಗಂಟೆಯಾದರೂ ನಿದ್ದೆ ಬೇಕು.

ಬಿದ್ದರೆ ಏನು ಮಾಡಬೇಕು?

ತರಚಿದ ಗಾಯವನ್ನು ಹರಿಯುವ ನೀರು, ಸೋಪಿನಲ್ಲಿ ತೊಳೆಯಿರಿ. ಅರಿಶಿನ, ಕಾಫಿ ಪುಡಿ, ಮಣ್ಣು ಹಾಕಬೇಡಿ. ಶುದ್ಧ ಬಟ್ಟೆ ಕಟ್ಟಿ. ಧನುರ್ವಾಯು ಚುಚ್ಚುಮದ್ದು ಯಾವಾಗ ಹಾಕಿಸಿದ್ದು ಅಂತ ತಾಯಿ ಕಾರ್ಡಿನಲ್ಲಿ ಓದಿ ನೋಡಿ.

ಕೈಕಾಲು ಊದಿ ಸೊಟ್ಟಗಾದರೆ ಎಳೆದು ತಿಕ್ಕಬೇಡಿ. ಅಲುಗದ ಹಾಗೆ ಕಟ್ಟಿ ಆಸ್ಪತ್ರೆಗೆ ಹೋಗಿ.

ತಲೆಗೆ ಏಟಾದ ಮೇಲೆ ವಾಂತಿ ಬಂದರೆ, ಮಂಪರು ಬಂದರೆ, ಮಾತು ತೊದಲಿದರೆ, ಎಚ್ಚರ ತಪ್ಪಿದರೆ ತಡ ಮಾಡಬೇಡಿ. 108ಕ್ಕೆ ಫೋನ್ ಮಾಡಿ. ಆ ದಿನ ಮಗು "ನಾನು ಸರಿ ಇದ್ದೀನಿ" ಅಂದರೂ ಮತ್ತೆ ಸೈಕಲ್ ಹತ್ತಿಸಬೇಡಿ.

ಸ್ಪರ್ಧೆಗೆ ಸೇರಿಸುವಾಗ

ಮೊದಲು ಶಾಲೆಯ ದೈಹಿಕ ಶಿಕ್ಷಕರನ್ನು ಕೇಳಿ. ಮೈಸೂರಿನಲ್ಲಿ ಯುವ ಸಬಲೀಕರಣ ಮತ್ತು ಕ್ರೀಡಾ ಇಲಾಖೆ ಇದೆ. ನಜರ್‌ಬಾದಿನ ಚಾಮುಂಡಿ ವಿಹಾರ ಕ್ರೀಡಾಂಗಣಕ್ಕೆ ಹೋಗಿ ವಿಚಾರಿಸಿ. ಸ್ಪರ್ಧೆ ಯಾವಾಗ, ಕ್ರೀಡಾ ವಸತಿ ನಿಲಯದ ಆಯ್ಕೆ ಯಾವಾಗ ಅಂತ ಕೇಳಿ. ವಿಜಯಪುರದ ಕ್ರೀಡಾ ವಸತಿ ನಿಲಯದಲ್ಲಿ ಸೈಕಲ್ ತರಬೇತಿ ಪಡೆದು ಮುಂದೆ ಬಂದ ಮಕ್ಕಳಿದ್ದಾರೆ.

ಸ್ಪರ್ಧೆಯಲ್ಲಿ ವಯಸ್ಸಿನ ಗುಂಪು ಇರುತ್ತದೆ. 14 ವರ್ಷದ ಒಳಗೆ, 16ರ ಒಳಗೆ, 18ರ ಒಳಗೆ ಅಂತ ಮಾಡಿರುತ್ತಾರೆ. ತೀರಾ ಚಿಕ್ಕವರಿಗೆ ಊರಿನ ಮಟ್ಟದ ಸ್ಪರ್ಧೆಗಳೇ ಸಾಕು. ಜನನ ಪ್ರಮಾಣ ಪತ್ರ ಕೇಳುತ್ತಾರೆ. ವಯಸ್ಸು ಕಡಿಮೆ ಬರೆಸಿ ಚಿಕ್ಕವರ ಗುಂಪಿಗೆ ಸೇರಿಸಬೇಡಿ. ಅದು ಇನ್ನೊಂದು ತಾಯಿಯ ಮಗುವಿಗೆ ಮಾಡುವ ಮೋಸ. ಸಿಕ್ಕಿಬಿದ್ದರೆ ನಿಮ್ಮ ಮಗುವಿನ ಆಟವೇ ನಿಲ್ಲುತ್ತದೆ.

ಒಂದು ಫಾರಂ ಕೊಡುತ್ತಾರೆ. ಕೊನೆಯಲ್ಲಿ ತಂದೆ ಅಥವಾ ತಾಯಿಯ ಸಹಿ ಕೇಳಿರುತ್ತದೆ. ಮೊದಲಾಗಿದ್ದರೆ ನಾವು ಯಾರೋ ತೋರಿಸಿದ ಕಡೆ ಹೆಬ್ಬೆಟ್ಟು ಒತ್ತುತ್ತಿದ್ದೆವು. ಈಗ ಹಾಗಲ್ಲ. ಪೂರ್ತಿ ಓದಿ. ಏಟಾದರೆ ಯಾರು ನೋಡಿಕೊಳ್ಳುತ್ತಾರೆ? ಆಂಬುಲೆನ್ಸ್ ಇದೆಯಾ? ವಿಮೆ ಇದೆಯಾ? ಫೀಸು ಎಷ್ಟು? ತಿಳಿಯದಿದ್ದರೆ ಕೇಳಿ. ಫಾರಂ ಇಂಗ್ಲಿಷಿನಲ್ಲಿದ್ದರೆ ಕನ್ನಡದಲ್ಲಿ ಹೇಳಿ ಅನ್ನಿ. ತಿಳಿದ ಮೇಲೆಯೇ ಸಹಿ ಹಾಕಿ. ದುಡ್ಡು ಕೊಟ್ಟರೆ ರಸೀದಿ ಪಡೆಯಿರಿ.

ತರಬೇತಿ ಕೊಡುವವರು ಯಾರು, ಎಂಥವರು ಅಂತ ತಿಳಿಯಿರಿ. ತರಬೇತಿಯನ್ನು ನೋಡಲು ತಾಯಿಗೆ ಬಿಡಬೇಕು. ಬಿಡುವುದಿಲ್ಲ ಅಂದರೆ ಅಲ್ಲಿಗೆ ಕಳಿಸಬೇಡಿ. ಮಗುವನ್ನು ಹೊಡೆಯಬಾರದು, ಕೆಟ್ಟದಾಗಿ ಮುಟ್ಟಬಾರದು. ಹಾಗೇನಾದರೂ ಆದರೆ ಮಗು ಹೇಳಿದ್ದನ್ನು ನಂಬಿ. ಮಕ್ಕಳ ಸಹಾಯವಾಣಿ 1098ಕ್ಕೆ ಫೋನ್ ಮಾಡಿ.

ಸ್ಪರ್ಧೆಯ ಹಿಂದಿನ ದಿನ ಬ್ರೇಕ್, ಗಾಳಿ, ಚೈನು, ನಟ್ಟು ನೋಡಿ. ಬಿಟ್ಟರೆ ದಾರಿಯನ್ನು ಮಗುವಿನ ಜೊತೆ ನಡೆದು ಬನ್ನಿ. ಎಲ್ಲಿ ಕಲ್ಲು, ಎಲ್ಲಿ ತಿರುವು ಅಂತ ಮಗು ನೋಡಿಕೊಳ್ಳಲಿ.

ಮೊದಲ ಸ್ಪರ್ಧೆಯಲ್ಲಿ ಗೆಲ್ಲಬೇಕು ಅಂತ ಹೇಳಬೇಡಿ. ಪೂರ್ತಿ ಮುಗಿಸಿ ಬಾ ಅಂತ ಹೇಳಿ. ಕೊನೆಯಲ್ಲಿ ಬಂದರೂ ಬೆನ್ನು ತಟ್ಟಿ. ಪಕ್ಕದ ಮನೆಯ ಮಗುವಿನ ಜೊತೆ ಹೋಲಿಸಬೇಡಿ. "ಇವತ್ತು ಏನು ಕಲಿತೆ?" ಅಂತ ಕೇಳಿ. ಮಗು ಸಾಕು ಅಂದರೆ ಒತ್ತಾಯ ಮಾಡಬೇಡಿ. ಆಟ ಮಗುವಿನದು. ಕಾಯುವ ಕೆಲಸ ನಮ್ಮದು.

ನೆನಪಿಡಿ

1. ಮಗುವಿನ ಅಳತೆಗೆ ಸೈಕಲ್, ಸೈಕಲ್ ಅಳತೆಗೆ ಮಗು ಅಲ್ಲ.
2. ಹೆಲ್ಮೆಟ್ ಇಲ್ಲದೆ ಸೈಕಲ್ ಇಲ್ಲ.
3. ನಿಲ್ಲಿಸಲು ಬಂದ ಮೇಲೆ ಓಡಿಸಲು ಕಲಿಸಿ.
4. ಓದದೆ ಸಹಿ ಹಾಕಬೇಡಿ.
5. ಹೆಣ್ಣಿಗೂ ಗಂಡಿಗೂ ಒಂದೇ ಮೈದಾನ.

ಉತ್ತರ ಹೇಳಿ

1. ದೊಡ್ಡ ಸೈಕಲ್ ಕೊಡಿಸಿದರೆ ಏನು ತೊಂದರೆ?
2. ಮುಂದಿನ ಬ್ರೇಕ್ ಒಂದನ್ನೇ ಜೋರಾಗಿ ಹಿಡಿದರೆ ಏನಾಗುತ್ತದೆ?
3. ತಲೆಗೆ ಏಟಾದಾಗ ಯಾವ ಗುರುತು ಕಂಡರೆ ಆಸ್ಪತ್ರೆಗೆ ಹೋಗಬೇಕು?
4. ಪುದುಕ್ಕೋಟೆಯ ಹೆಂಗಸರು ಅಕ್ಷರದ ಜೊತೆ ಏನು ಕಲಿತರು?

ಗುಂಪಿನಲ್ಲಿ ಮಾತಾಡಿ

ಹುಡುಗ ಬಿದ್ದರೆ "ಗಂಡು ಮಗ, ಬೀಳ್ತಾನೆ" ಅನ್ನುತ್ತೇವೆ. ಹುಡುಗಿ ಬಿದ್ದರೆ "ಸೈಕಲ್ ಸಾಕು" ಅನ್ನುತ್ತೇವೆ. ಇದು ಸರಿಯೇ? ನಿಮ್ಮ ಬೀದಿಯ ಮಕ್ಕಳು ಸೈಕಲ್ ಕಲಿಯಲು ಜಾಗ ಎಲ್ಲಿದೆ? ಅದನ್ನು ಯಾರ ಹತ್ತಿರ ಕೇಳಬೇಕು?

ನೀವೇ ತುಂಬಿ

ಮಗುವಿನ ಹೆಸರು: ................
ಹುಟ್ಟಿದ ದಿನ, ತಿಂಗಳು, ವರ್ಷ: ................
ಶಾಲೆ, ತರಗತಿ: ................
ರಕ್ತದ ಗುಂಪು: ................
ತಲೆಯ ಸುತ್ತಳತೆ (ಸೆಂ.ಮೀ.): ................
ಸೈಕಲ್ ಚಕ್ರದ ಅಳತೆ (ಇಂಚು): ................
ತಾಯಿಯ ಸಹಿ: ................